ಹುಸೇನಮ್ಮನ ಸಡ್ಲ ತಂತಿ

"ಅಕ್ಕಾರ, ಒಂದೀಟು ಆ ಕಡಿ ಎಸೀರಿ. ಈ ಕಡಿ ನನ್ನ ತಲಿ ಐತಿ."

ಹೊಸಪೇಟಿ ಬಸವಣ್ಣ ಕಾಲುವಿ ದಂಡಿ ಮ್ಯಾಲ ಗಿಟಾರು ಎತ್ತಿ ಹಿಡಕೊಂಡು ನಿಂತಿದ್ದ ಹುಸೇನಮ್ಮ ಬೆಚ್ಚಿಬಿದ್ಲು.

ಕೆಳಗ ನೋಡಿದ್ರ ನೀರಾಗ ಬರೇ ಒಂದು ತಲಿ. ಸೀಗಿಕಾಯಿ ನೊರಿ ಬಡಕೊಂಡು, ಒಂದ ಕಣ್ಣು ತೆರಕೊಂಡು, ಈಕಿನ್ನ ನೋಡಾಕ ಹತ್ತಿತ್ತು.

"ನಿಮ್ಮ ಪಾಡಿಗೆ ನೀವು ಜಳಕ ಮಾಡ್ರಿ," ಅಂದ್ಲು. "ಊರ ಉಸಾಬರಿ ನಿಮಗ್ಯಾಕ?"

"ಮಾಡೇ ಮಾಡ್ತೀನ್ರಿ. ಆದ್ರ ಜಳಕ ಮಾಡಾಕ ತಲಿ ಉಳೀಬೇಕಲ್ಲ."

ಅಳು ಬರಬೇಕು, ಸಿಟ್ಟು ಬರಬೇಕು, ಎರಡೂ ಕೂಡೇ ಬಂದ್ವು ಹುಸೇನಮ್ಮಗ. ಕಣ್ಣು ಮುಚ್ಚಿ, ಇದ್ದ ಶಕ್ತಿ ಎಲ್ಲಾ ಹಾಕಿ ಎಸೆದ್ಲು.

ಎಸೆದ್ಲು ಅಂತ ನಾವು ಅನ್ನಬೇಕಷ್ಟ. ಎಡಗೈ ಬೆರಳು ಹಿಡಿತ ಬಿಟ್ಟು, ಗಿಟಾರು ಅಲ್ಲೇ ಕಾಲ ಬುಡದಾಗ ಜಾರಿ, ದಂಡಿ ಮ್ಯಾಲ ಉರುಳಿ, ನೀರಿಗೆ ಬೀಳೋದ್ರಾಗ ಆ ತಲಿ ಎರಡು ಕೈ ಚಾಚಿ ಹಸುಗೂಸಿನ ಹಂಗ ಹಿಡಕೊಂತು.

ಹುಸೇನಮ್ಮ ತನ್ನ ಕೈ ತಾನೇ ನೋಡ್ಕೊಂಡ್ಲು.

'ಎಸಿಯಾಕೂ ಬರವಲ್ದಲ್ಲ ನಿನಗ...'

ಅಲ್ಲೇ ಕುಂತು ಮೊಣಕಾಲಿಗೆ ಮುಖ ಹಚ್ಚಿ ಅತ್ಲು. ಎಷ್ಟು ಅತ್ಲು ಅಂದ್ರ, ಆವತ್ತು ಕಾಲುವಿ ನೀರು ಉಪ್ಪಾಗಿ ಕೆಳಗಿನ ಊರಾಗ ಸಾರಿಗೆ ಉಪ್ಪು ಹಾಕದ ಅಡಗಿ ಮಾಡಿದ್ರಂತ.

ನೀರಾಗಿದ್ದಾಂವ ಗಿಟಾರು ದಂಡಿ ಮ್ಯಾಲ ಇಟ್ಟ. ಆಮ್ಯಾಲ ಮೆಲ್ಲಕ ಅಂದ, "ಅಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೀರು ಭಾಳ ತಣ್ಣಗ ಐತಿ. ನನ್ನ ಪಂಜಿ ನಿಮ್ಮ ಕೆಳಗ ಐತಿ, ಅದರ ಮ್ಯಾಲ ಕುಂತೀರಿ ನೀವು."

ಅಳು ಅರ್ಧಕ್ಕ ನಿಂತೋತು. ಪಂಜಿ ಎಳೆದು ಆ ಕಡಿ ಒಗೆದು, ತಿರುಗಿ ನಿಂತ್ಲು.

ಆಯಪ್ಪನ ಹೆಸರು ಮೂಕಪ್ಪ. ಹೆಸರಿಟ್ಟಾಕಿ ಅವರಜ್ಜಿ ಬದುಕಿದ್ರ ನಾಚಿ ಸಾಯ್ತಿದ್ಲು. ಮಾತಿಗೆ ಕುಂತ ಅಂದ್ರ ಎತ್ತಿನ ಬಂಡಿ ನಿಂತು, ಎತ್ತು ನಿದ್ದಿ ಹೋಗಿ, ಎದ್ದು ಕೇಳಿದ್ರೂ ಮಾತು ಇನ್ನಾ ಪೀಠಿಕಿ ಮ್ಯಾಲೇ ಇರ್ತಿತ್ತು. ಹೊಸಪೇಟ್ಯಾಗ ತಗಡಿನ ಥೇಟರ್ ಹಾಕಿದ್ದ ನಾಟಕ ಕಂಪನಿಗೆ ಹೊಸದಾಗಿ ಬಂದ ಪೇಟಿ ಮಾಸ್ತರ, ಅಂದ್ರ ಹಾರ್ಮೋನಿಯಂ ಬಾರಿಸಾಂವ.

"ಮಾಲಕ್ರು ನನ್ನ ಕಳಿಸ್ಯಾರ," ಅಂದ ಪಂಜಿ ಸುತ್ತಿಗೆಂತ. "ಗಿಟಾರಿನ ಹುಸೇನಮ್ಮನ ಕೈ ಹೆಂಗೈತಿ ನೋಡ್ಕೊಂಡು ಬಾ ಅಂದ್ರು. ಅದಕ್ಕ ಮೈ ತೊಳಕೊಂಡು ಹೋಗಾಣ ಅಂತ..."

"ನೋಡಿದ್ರಲ್ಲ. ಸತ್ತೈತಿ ಅಂತ ಹೇಳ್ರಿ."

"ಸಾವಿನ ಸುದ್ದಿ ಹೇಳಾಕ ಬ್ಯಾರೆ ಮಂದಿ ಅದಾರ. ನಾ ಪೇಟಿ ಬಾರಿಸಾಂವ."

ಹುಸೇನಮ್ಮ ಸೆರಗಿಲೆ ಮುಖ ಒರಸ್ಕೊಂಡ್ಲು. ಚಿತ್ತವಾಡ್ಗ್ಯಾಗಿನ ಮನಿ ದಾರಿ ಹಿಡಿದು ನಡೆದ್ಲು. ಹಿಂದ ಹಿಂದ ಮೂಕಪ್ಪ, ಗಿಟಾರಿಗೆ ಸಿಡಿದ ನೀರು ಒರಸಿಗೆಂತ ಬಂದ.

ಇಲ್ಲಿ ಒಂದೀಟು ಹಿಂದಿಂದು ಹೇಳಬೇಕು ನೋಡ್ರಿ.

ಹುಸೇನಮ್ಮನ ಅಪ್ಪ ಸಂಡೂರು ಗುಡ್ಡದಾಗ ಗಣಿ ದೊರಿ ಬಂಗಲ್ಯಾಗ ಅಡಗಿ ಮಾಡ್ತಿದ್ದ. ಮಕ್ಕಳಿಲ್ಲ ಅಂತ ಮೊಹರಮ್ಮಿನ ಪೀರಲದೇವ್ರಿಗೆ ಹರಕಿ ಹೊತ್ತು ಹುಟ್ಟಿದಾಕಿ, ಅದಕ್ಕ ಆ ಹೆಸರು. ದೊರಿ ಸಂಜಿಗೆ ಗಿಟಾರು ಬಾರಿಸಿದ್ರ ಗುಡ್ಡದ ಕರಡಿ ಬಂಗಲಿ ಬೇಲಿಗೆ ಮೊಣಕೈ ಊರಿ ನಿಂತು ಕೇಳ್ತಿದ್ವಂತ. ಕರಡಿ ಕೇಳಿ ಕಾಡಿಗೆ ಹೋದ್ವು, ಹುಡುಗಿ ಕೇಳಿ ಕಲತಗಂತು. ಯುದ್ಧ ಬಂತು, ದೊರಿ ವಿಲಾಯ್ತಿಗೆ ಹೊಂಟ, ಗಿಟಾರು ಈಕಿ ಕೈಯಾಗಿಟ್ಟು ಹೋದ. ಅಪ್ಪ ತೀರಿಕೊಂಡ ಮ್ಯಾಲ ಚಿತ್ತವಾಡ್ಗಿ ಸೋದರತ್ತಿ ದ್ಯಾಮಕ್ಕನ ಮನಿ ಸೇರಿದ್ಲು, ಹಂಗೇ ಕಂಪನಿನೂ ಸೇರಿದ್ಲು. ಬಣ್ಣ ಹಚ್ಚಂಗಿಲ್ಲ, ಪರದಿ ಹಿಂದ ಕುಂತು ಬಾರಿಸೋದು ಅನ್ನೋ ಮಾತಿನ ಮ್ಯಾಲ ದ್ಯಾಮಕ್ಕ ಒಪ್ಪಿದ್ಲು.

ಗಿಟಾರಿಲ್ಲದ ಹುಸೇನಮ್ಮ ಅಂದ್ರ ಬರೇ ದ್ಯಾಮಕ್ಕನ ಮನ್ಯಾಗ ಉಣ್ಣೋ ಒಂದು ಬಾಯಿ. ಹಂಗಂತ ಯಾರೂ ಅನ್ನಲಿಲ್ಲ. ಆಕೀನೇ ಅನ್ಕೊಂತಿದ್ಲು.

ಹೋದ ಸುಗ್ಗ್ಯಾಗ ಬಂಡಿಯಿಂದ ಬಿದ್ದು ಎಡಗೈ ಮುರಕೊಂಡ್ಲು. ಎಲುಬು ಕೂಡಸಾಂವ ಬಂದ, ಬಿದಿರು ದಬ್ಬಿ ಇಟ್ಟು ಅರಿವಿ ಸುತ್ತಿ ಕಟ್ಟಿದ. "ಬೆರಳು ತಣ್ಣಗಾದ್ರ ಸಡ್ಲ ಮಾಡ್ರಿ" ಅಂತ ಹೇಳೇ ಹೋದ.

ಹುಸೇನಮ್ಮಗ ಅವಸರ. ಬಿಗಿ ಇದ್ದಷ್ಟು ಜಲ್ದಿ ಕೂಡತೈತಿ ಅಂತ ಆಕೀ ಲೆಕ್ಕ.

"ಇನ್ನೊಂದೀಟು ಎಳೀ ಅತ್ತಿ. ಇನ್ನಾ ಎಳೀ."

ದ್ಯಾಮಕ್ಕ ಕಟ್ಟಿಗಿ ಹೊರಿ ಕಟ್ಟಾಕಿ, ಎಳೆದ್ಲು ನೋಡ್ರಿ... ಬೆರಳು ನೇರಳಿ ಹಣ್ಣಾದ್ವು. ಎಲುಬು ಕೂಡಿತು, ಬೆರಳು ಮಾತ್ರ ಮನಿ ಬಿಟ್ಟು ಹೋದ್ವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಕರೆದ್ರ ಒಂದೀಟು ಬರ್ತಿದ್ವು. ಉಂಗುರ ಬೆರಳು ಸುಸ್ತು. ಕಿರುಬೆರಳು ಅಂತೂ ಕಂಡೋರ ಮನಿ ಮಗಾ ಇದ್ದಂಗ ಸುಮ್ಕ ನೋಡ್ತಿತ್ತು.

ತಂತಿ ಒತ್ತಿದ್ರ ನಾದ ಇಲ್ಲ, ಬರೇ ಜಿರ್ರ್ ಅನ್ನೋದು. ಬಾಟ್ಲ್ಯಾಗ ಸಿಕ್ಕ ನೊಣದ ಹಂಗ.

ಮಾಲಕ ಮರುಳಸಿದ್ದಪ್ಪ ಒಳ್ಳೆ ಮನಿಷಾನೇ. ಆದ್ರ ಕಂಪನಿ ನಡಸಬೇಕಲ್ಲ. ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದ: "ಕಂಪ್ಲಿ ಕ್ಯಾಂಪಿನಾಗ ಹೊಸ ಆಟ. ಪೇಟಿ ಕರಿ ಎರಡಕ್ಕ ತಂತಿ ಸೇರಿಸಿ ಬಾರಿಸಿದ್ಲಾ, ಜಾಗ ಆಕೀದು. ಇಲ್ಲಾಂದ್ರ ಬಳ್ಳಾರಿಯಿಂದ ಪಿಟೀಲಿನಾಂವ ಬರ್ತಾನ."

ಕರಿ ಎರಡು ಅಂದ್ರ ಪೇಟಿ ಮ್ಯಾಲ ಬೆರಳಿಲೆ ಒತ್ತೋ ಮನಿಗಳಾಗ ಎರಡನೇ ಕರೀದು. ಕಂಪನಿ ಮಂದಿ ಎಲ್ಲರ ಗಂಟಲೂ ಅದರ ಮ್ಯಾಲೇ ಕುಂತಿತ್ತು. ವಾದ್ಯದಾರು ಅಲ್ಲಿಗೆ ಏರಬೇಕು, ಹಾಡೋರು ಕೆಳಗ ಇಳಿಯಂಗಿಲ್ಲ. ತಂತಿ ಅಲ್ಲಿಗೆ ಏರಿದ್ರ ಕಬ್ಬಿಣದ ಸರಳಿನಷ್ಟು ಬಿಗಿ.

ಮೂಕಪ್ಪ ದಿನಾ ಮುಂಜಾನಿ ಬರಾಕ ಹತ್ತಿದ.

"ಈ ಗಿಟಾರು ಸಂಜಿಗೆ ನಾ ಒಯ್ತೀನಿ, ಮುಂಜಾನಿ ತರ್ತೀನಿ," ಅಂದ.

"ಯಾಕ?"

"ನಿಮ್ಮ ಮನಿಗೂ ಕಾಲುವಿಗೂ ಭಾಳ ಹತ್ರ ಐತಿ."

ದ್ಯಾಮಕ್ಕ ಒಲಿ ಮುಂದಿನಿಂದ ನಕ್ಕುಬಿಟ್ಲು. ಹುಸೇನಮ್ಮ ನಗಲಿಲ್ಲ.

"ಬಿರಡಿ ತಿರುವೋದು, ಶ್ರುತಿ ಮಾಡೋದು ನನಗ ಬಿಡ್ರಿ. ನೀವು ಬೆರಳು ನೋಡ್ಕೋರಿ."

ಬೆರಳಿಗೆ ಆಯಪ್ಪ ಹೇಳಿದ ಕೆಲಸ ಕೇಳಿ ಹುಸೇನಮ್ಮನ ಮೈಯೆಲ್ಲಾ ಉರೀತು. ಎಡಗೈಲಿಂದ ಹಸಿ ಅರಿವಿ ಹಿಂಡೋದು. ಎಡಗೈಲಿಂದ ಹೊಳಿ ಮರಳು ಹಿಡಿ ಹಿಡಿದು ಬಿಡೋದು. ಎಡಗೈಲಿಂದ ಜ್ವಾಳದ ಹಿಟ್ಟು ನಾದಿ ರೊಟ್ಟಿ ಬಡಿಯೋದು.

"ನಾ ಬಾರಿಸಾಕ ಕುಂತೀನೋ, ನಿಮ್ಮ ಕಂಪನಿಗೆ ಊಟ ಹಾಕಾಕ ಕುಂತೀನೋ?"

"ಬಡೀರಿ ಒಂದೀಟು. ನಿಮ್ಮತ್ತಿಗೆ ಸಿಟ್ಟು ಬಂದಾಗ ನೋಡ್ರಿ, ಆ ಕೈಯಾಗ ಎಷ್ಟು ಬಲ ಐತಿ. ಎಲ್ಲಾ ರೊಟ್ಟಿದು."

"ಲೇ ಮಾಸ್ತರ," ಅಂದ್ಲು ದ್ಯಾಮಕ್ಕ, "ನನ್ನ ಸುದ್ದಿ ಬಿಟ್ಟು ಕಲಿಸು."

ಮೊದಲ ರೊಟ್ಟಿ ಒಂದು ಕಡಿ ಹಪ್ಪಳ, ಒಂದು ಕಡಿ ದಿಂಬು ಆತು. ನಾಯಿಗೆ ಹಾಕಿದ್ರು. ನಾಯಿ ಮೂಸಿ ನೋಡಿ, ಹುಸೇನಮ್ಮನ ಮುಖ ನೋಡಿ, ಕನಿಕರ ಪಟ್ಟು ಹೊರಗ ಹೋತು.

ರೊಟ್ಟಿ ಆದ ಮ್ಯಾಲ ಗಿಟಾರು. ಜಿರ್ರ್... ಜಿರ್ರ್...

"ಆಗಂಗಿಲ್ಲ ನನ್ನ ಕೈಲಿ."

"ಕಿರುಬೆರಳು ಬಿಡ್ರಿ. ಅದು ಮಲಗ್ಲಿ. ಆ ಜಾಗಕ್ಕ ನಡುಬೆರಳು ಜಾರಿಸ್ರಿ."

"ನಾಕು ಬೆರಳಿನ ಕೆಲಸ ಎರಡು ಬೆರಳು ಮಾಡ್ತಾವೇನು?"

"ನಮ್ಮ ಕಂಪನ್ಯಾಗ ರಾಜಾನ ಪಾರ್ಟು ಮಾಡಾಂವನೇ ಕಸಾ ಹೊಡಿತಾನ. ನಡೀವಲ್ದೇನು?"

ಆಕಿಗೆ ಸಿಟ್ಟು ಬರೋದು ಅದಕ್ಕ. ಆಕಿ ಸಾಯೋ ಸಂಕಟಕ್ಕ ಆಯಪ್ಪ ಒಂದು ಚಾಷ್ಟಿ ಇಟ್ಟೇ ಇರ್ತಿದ್ದ.

'ಇಂವಗೇನು ಗೊತ್ತು... ಪೇಟಿ ಮನಿ ಮ್ಯಾಲ ಸೊಳ್ಳಿ ಕುಂತ್ರೂ ನಾದ ಬರತೈತಿ.'

ಒಂದು ಮುಂಜಾನಿ ಹಿಂಗ ಒತ್ತಿದ್ಲು ನೋಡ್ರಿ... ನಾದ ಬಂತು.

ಸಣ್ಣದು. ಆದ್ರ ಜಿರ್ರ್ ಅನ್ನಲಿಲ್ಲ. ದುಂಡಗ, ಮೆತ್ತಗ ಬಂತು.

ಹುಸೇನಮ್ಮ ಉಸಿರು ಹಿಡಕೊಂಡು ಇನ್ನೊಮ್ಮೆ ಒತ್ತಿದ್ಲು. ಮತ್ತ ಬಂತು. ಮುಖ ಎತ್ತಿ ನೋಡಿದ್ರ ಮೂಕಪ್ಪ ಬಾಯಿ ಮುಚ್ಕೊಂಡು ಕುಂತಾನ. ಅಂಥಾ ಮಾತುಗಾರ, ಒಂದು ಮಾತಿಲ್ಲ. ಆಕಿ ಬೆರಳೇ ನೋಡ್ತಿದ್ದ.

'ಯಾಕ ಹಂಗ ನೋಡ್ತಾನ...' ಅಂತ ಎದಿ ಒಳಗ ಏನೋ ಒಂದು ಹಳ್ಳ ಹರದಂಗ ಆತು.

ಅಲ್ಲಿಂದ ದಿನಾ ನಾದ ಬಂತು. ಒಂದು ದಿನ ಬೆರಳು ನೋತು ಹಿಂದಕ್ಕ ಬಂದ್ರ, ಇನ್ನೊಂದು ದಿನ ಮುಂದ ಹೋದ್ವು. ರೊಟ್ಟಿ ದುಂಡಗಾದ್ವು. ನಾಯಿನೂ ತಿನ್ನಾಕ ಹತ್ತಿತು.

ಹುಸೇನಮ್ಮಗ ಒಂದ ಆಸಿ. ಪೇಟಿ ಜೋಡಿ ಒಮ್ಮೆ ಬಾರಿಸಬೇಕು.

"ನಾಳೆ ಪೇಟಿ ತರ್ರಿ ಮಾಸ್ತರ. ಜೋಡಿ ಕುಂತು ನೋಡಾಣ."

ಮೂಕಪ್ಪ ಬಾಗಿಲ ಕಡಿ ನೋಡಿದ. "ಪೇಟಿ... ಪೇಟಿ ಕೆಟ್ಟೈತ್ರಿ. ಇಲಿ ತಿದಿ ಕಡದಾವ. ಗಾಳಿ ನಿಲ್ಲವಲ್ದು."

"ಮತ್ತ ದಿನಾ ಆಟಕ್ಕ?"

"ಅದು ಹೆಂಗೋ... ಅಂಟು ಹಚ್ಚಿ..."

ಮುಂದಿನ ವಾರನೂ ಇಲಿ. ಅದರ ಮುಂದಿನ ವಾರನೂ ಇಲಿ. ಕಡಿಯೋದು ಅಂದ್ರ ಅಷ್ಟೊತ್ತಿಗೆ ಆ ಇಲಿ ಪೇಟಿ ತಿಂದು, ತಗಡಿನ ಥೇಟರ್ ತಿಂದು, ಹೊಸಪೇಟಿ ಟೇಶನ್ನಿನ ರೈಲಿಗೆ ಬಾಯಿ ಹಾಕಿರಬೇಕಿತ್ತು.

'ನನ್ನ ಜೋಡಿ ಬಾರಿಸಾಕ ನಾಚಿಕಿ ಇಂವಗ. ಕುಂಟ ಬೆರಳಿನ ಜೋಡಿ ಕುಂತ್ರ ತನ್ನ ಮರ್ಯಾದಿ ಹೋಗತೈತಿ ಅಂತ...'

ಕಂಪನಿ ಕಂಪ್ಲಿಗೆ ಹೊಂಟು ನಿಂತಾಗ, ಒಂದು ಸಂಜಿ ಆಕಿ ತಡೀಲಾರದ ಥೇಟರಿಗೆ ನಡೆದ್ಲು. ಬಾಗಿಲಿಗೆ ಬರೋದ್ರಾಗ ಒಳಗಿಂದ ಪೇಟಿ ಕೇಳ್ತು. ಮಸ್ತ್ ಗಾಳಿ, ಮಸ್ತ್ ನಾದ. ಇಲಿ ಇಲ್ಲ, ಹೆಗ್ಗಣ ಇಲ್ಲ.

ಒಳಗ ಮೂಕಪ್ಪ ಒಬ್ನೇ ಕುಂತಿದ್ದ. ಒಂದು ಕೈ ಪೇಟಿ ಮ್ಯಾಲ. ತೊಡಿ ಮ್ಯಾಲ ಆಕಿ ಗಿಟಾರು. ಇನ್ನೊಂದು ಕೈ ಬಿರಡಿ ತಿರುವಾಕ ಹತ್ತಿತ್ತು.

"ಏನು ಮಾಡಾಕ ಹತ್ತೀರಿ?"

ಮೂಕಪ್ಪನ ಕೈ ನಿಂತ್ವು. ಯಾವ ಮಾತನ್ನೂ ಮೊದಲಿನಿಂದ ಶುರು ಮಾಡೋದು ಆಯಪ್ಪನ ಚಟ. ಇಲ್ಲೂ ಹಂಗ ಮಾಡಿದ, ಕೆಟ್ಟ.

"ಹೇಳ್ತೀನ್ರಿ, ಕುಂದರ್ರಿ. ಅದು ಹೆಂಗಂದ್ರ... ಮೊದಲ ದಿನಾನ ನಾ ಎಲ್ಲಾ ತಂತಿ ಕೆಳಗ ಇಳಿಸಿಬಿಟ್ಟೆ. ಒತ್ತಾಕ ಹಗುರ ಆಗ್ಲಿ ಅಂತ. ತಂತಿ ಕೆಳಗಿನ ಎಲುಬಿನ ಪಟ್ಟಿ ತಗದು ತೆಳ್ಳನ ಬಿದಿರ ಚಕ್ಕಿ ಇಟ್ಟೆ, ತಂತಿ ಕಟ್ಟಿಗಿಗೆ ಹತ್ರ ಆಗ್ಲಿ ಅಂತ. ಆಮ್ಯಾಲ..."

"ಸಡ್ಲ ಮಾಡಿದ್ರಿ."

"ಹೌದ್ರಿ, ಆದ್ರ ಆಮ್ಯಾಲ..."

"ನಾದ ಬಂತು ಅಂತ ನಾ ಕುಣದೆ. ಅತ್ತಿ ಮುಂದ ಹೇಳಿದೆ, ದೇವರ ಮುಂದ ಹೇಳಿದೆ. ಬೆರಳು ಬದುಕ್ಯಾವ ಅಂತ." ಆಕಿ ಗಿಟಾರಿನ ಕಡಿ ಕೈ ಮಾಡಿದ್ಲು. "ಬದುಕಿರ್ಲಿಲ್ಲ. ನೀವು ಗೊಂಬಿ ಆಡಿಸಿದ್ರಿ."

ತಿಳೀಲಿಲ್ಲೇನು ಆಕಿ ಕಿವಿಗೆ ಅಂತ ಕೇಳ್ತೀರಿ. ಆರೂ ತಂತಿ ಒಟ್ಟಿಗೆ ಇಳಿದ್ರ ಒಂದಕ್ಕೊಂದು ಸೇರೇ ಇರ್ತಾವ್ರಿ. ಪಕ್ಕಕ್ಕ ಪೇಟಿ ಇಟ್ಟು ನೋಡಿದ್ರಷ್ಟ ಗೊತ್ತಾಗೋದು. ಇಲಿ ಕಥಿ ಹುಟ್ಟಿದ್ದೂ ಅದಕ್ಕ.

"ಹುಸೇನಮ್ಮಾರ, ಪೂರ್ತಿ ಕೇಳ್ರಿ..."

"ನಿಮ್ಮ ಮಾತು ಯಾವಾಗ ಪೂರ್ತಿ ಆಗ್ಯಾವ? ಕೊಡ್ರಿ ಇಲ್ಲಿ."

ಗಿಟಾರು ಕಸಗೊಂಡ್ಲು. "ನಾಳಿಂದ ಬರಬ್ಯಾಡ್ರಿ."

ಮನಿಗೆ ಬಂದು ಗಿಟಾರು ಕಂಬಳ್ಯಾಗ ಸುತ್ತಿ ಮೂಲ್ಯಾಗ ಇಟ್ಲು. ಮುಟ್ಟಲಿಲ್ಲ. ಮರುದಿನ ಮುಂಜಾನಿ ಮೂಕಪ್ಪ ಬಾಗಿಲಿಗೆ ಬಂದ. ದ್ಯಾಮಕ್ಕ ಹೊರಗ ನಿಂತು, "ಒಳಗ ಬೆಂಕಿ ಐತಿ, ಹೋಗಪ್ಪ," ಅಂದ್ಲು. ಅದರ ಮರುದಿನ ಕಂಪನಿ ಸಾಮಾನು ಬಂಡಿಗೆ ಏರಿ ಕಂಪ್ಲಿ ದಾರಿ ಹಿಡೀತು.

ಹುಸೇನಮ್ಮ ಎಡಗೈಲಿಂದ ರೊಟ್ಟಿ ಬಡಿಯೋದು ಬಿಡಲಿಲ್ಲ. ಯಾಕ ಅಂತ ಆಕಿಗೇ ಗೊತ್ತಿಲ್ಲ. ಟಪ ಟಪ ಅಂತ ಬಡಿಯೋದು, ಕಣ್ಣು ಒರಸೋದು.

"ಆ ಹಿಟ್ಟು ನಿನಗೇನು ಮಾಡೈತಿ?" ಅಂದ್ಲು ದ್ಯಾಮಕ್ಕ.

"ನನ್ನ ಬೆರಳು ಏನು ಮಾಡಿದ್ವು ಅತ್ತಿ?"

ದ್ಯಾಮಕ್ಕ ಹತ್ತಿರ ಬಂದು ಆ ಕೈ ಹಿಡಕೊಂಡ್ಲು. "ಬಿಗಿ ಎಳೆದಾಕಿ ನಾನು. ಎಳೀ ಅಂದಾಕಿ ನೀನು. ಒಬ್ಬ ಸಡ್ಲ ಮಾಡಿದ ಅಂತ ಅವನ ಮ್ಯಾಲ ಬೀಳ್ತಿಯಲ್ಲ."

ಹುಸೇನಮ್ಮ ಕೈ ಬಿಡಸ್ಕೊಂಡು ಮತ್ತ ರೊಟ್ಟಿ ಬಡಿದ್ಲು. ಆದ್ರ ಒಂದು ನಿಶ್ಚೆ ಮಾಡಿದ್ಲು. ಜಾಗ ಹೋಗೋದಾದ್ರ ಬ್ಯಾರೆಯವರ ಬಾಯಿಂದ ಕೇಳಂಗಿಲ್ಲ. ತಾನೇ ಹೋಗಿ, ತನ್ನ ಬಾಯಿಲಿಂದ, ಬರಂಗಿಲ್ಲ ಅಂತ ಹೇಳಿ ಬರೋದು.

ಗಿಟಾರು ಹೊತ್ತು ಇದ್ದಲಿ ಬಸ್ಸು ಹತ್ತಿದ್ಲು. ಪೆಟ್ರೋಲ್ ಸಿಗದ ಯುದ್ಧದ ಕಾಲದಾಗ ಇದ್ದಲಿ ಸುಟ್ಟು ಓಡಸ್ತಿದ್ದ ಆ ಬಸ್ಸು ಹೆಂಗಿತ್ತಪ್ಪಾ ಅಂದ್ರ, ಏರು ಬಂದ್ರ ಮಂದಿ ಇಳಿದು ನೂಕೋರು, ಇಳಿಜಾರು ಬಂದ್ರ ಇಳಿದು ಹಿಡಕೊಳ್ಳೋರು. ಹಿಂದ ಬಿಟ್ಟ ಎಮ್ಮಿ ಮುಂದ ಹೋಗಿ, ಕಂಪ್ಲ್ಯಾಗ ಕರು ಹಾಕಿ, ಹಾಲು ಕರಸ್ಕೊಂಡು ನಿಂತಿರ್ತಿತ್ತು.

ಕಂಪ್ಲ್ಯಾಗ ಅಕ್ಕಿ ಗಿರಣಿ ಪಕ್ಕದ ಬಯಲಾಗ ತಗಡು ಏರಸಾಕ ಹತ್ತಿದ್ರು. ಮರುಳಸಿದ್ದಪ್ಪ ಪೇಟಿ ಪಕ್ಕ ಕುಂತು ಎಲಿ ಅಡಿಕಿ ಹಾಕ್ಕೊಂತಿದ್ದ. ಮೂಕಪ್ಪ ಎಲ್ಲೂ ಕಾಣಲಿಲ್ಲ.

"ಬಾರವ್ವ. ಕೈ ಹೆಂಗೈತಿ?"

"ಬರಂಗಿಲ್ರಿ. ಪಿಟೀಲಿನವರನ್ನ ಕರಸ್ರಿ."

"ಮಾಸ್ತರ ಆಗತೈತಿ ಅಂದನಲ್ಲ?"

"ಸುಳ್ಳು ಹೇಳ್ಯಾರ. ತಂತಿ ಎಲ್ಲಾ ಸಡ್ಲ ಇಟ್ಟು ಬಾರಿಸ್ಯಾರ ನನ್ನ ಕಡಿಂದ. ನೀವೇ ಕೇಳ್ರಿ ಬೇಕಾದ್ರ."

ಕಂಬಳಿ ಬಿಚ್ಚಿದ್ಲು. ಸಿಟ್ಟಿನಿಂದ ಮ್ಯಾಲಿನ ತಂತಿ ಮೀಟಿದ್ಲು. ಮರುಳಸಿದ್ದಪ್ಪ ಎಡಗೈಲಿಂದ ತಿದಿ ಒತ್ತಿ ಕರಿ ಎರಡು ಹಿಡಿದ.

ಎರಡೂ ನಾದ ಪಕ್ಕ ಪಕ್ಕ ನಿಂತ್ವು. ನಡುವ ಒಂದು ಕೂದಲಷ್ಟು ಸಂದಿ.

"ಏನು ಸಡ್ಲವ್ವ ಇದು?" ಅಂದ ಮಾಲಕ. "ಒಂದು ಕೂದಲು ಇಳದೈತಿ. ಕಂಬಳ್ಯಾಗ ಇಟ್ಟಿದ್ದಿಯಲ್ಲ, ಅದಕ್ಕ."

ಹುಸೇನಮ್ಮಗ ನಂಬಿಕಿ ಬರಲಿಲ್ಲ. ಬಿರಡಿ ಒಂದು ಎಳಿ ತಿರುವಿದ್ಲು. ಕೂಡಿಬಿಡ್ತು. ಇನ್ನೊಂದು ತಂತಿ... ಅದೂ ಅಷ್ಟೇ. ಎಲ್ಲಾ ಹಳೇ ಜಾಗದಾಗೇ ಅದಾವ. ಬಗ್ಗಿ ನೋಡಿದ್ಲು. ತಂತಿ ಕೆಳಗ ಬಿದಿರು ಇಲ್ಲ. ದೊರಿ ಚುಟ್ಟ ತಗಲಿ ಮೂಲಿ ಸುಟ್ಟ ಅದೇ ಎಲುಬಿನ ಪಟ್ಟಿ ಕುಂತೈತಿ.

'ಹಂಗಾರ... ಥೇಟರಿನಾಗ ಬಿರಡಿ ತಿರುವಿದ್ದು... ಇಳಸಾಕ ಅಲ್ಲ...'

ಒತ್ತಿದ್ಲು. ಎರಡು ಬೆರಳು, ಸುಸ್ತಾದ ಉಂಗುರ ಬೆರಳು ಆಸರಕ್ಕ. ನಾದ ಬಂತು. ತುಂಬಿ ಬಂತು. ಕರಿ ಎರಡಿನ ಜೋಡಿ ಹೆಗಲಿಗೆ ಹೆಗಲು ಕೊಟ್ಟು ನಡೀತು. ಕಿರುಬೆರಳು ಇನ್ನಾ ಮಲಗೇ ಇತ್ತು, ಇರ್ಲಿ. ಅದರ ಜಾಗಕ್ಕ ನಡುಬೆರಳು ತಾನಾಗೇ ಜಾರಿ ಬಂತು.

ಅಕ್ಕಿ ಗಿರಣಿ ಒಂದು ಗಳಿಗಿ ನಿಂತು ಕೇಳಿತಂತ. ಗಿರಣಿ ಮಂದಿ ಬೆಲ್ಟು ಹರದಿತ್ತು ಅಂತಾರ, ಅದು ಅವರ ಮಾತು.

"ಜಾಗ ನಿಂದ," ಅಂದ ಮರುಳಸಿದ್ದಪ್ಪ, ಬಾಯಾಗಿನ ಎಲಿ ಮರೆತು. "ಪಿಟೀಲಿನಾಂವ ಬಳ್ಳಾರ್ಯಾಗ ಇರ್ಲಿ."

"ಮಾಸ್ತರ ಎಲ್ಲಿ ಅದಾರ?"

"ಹೊಳಿ ಕಡಿ ಹೋಗ್ಯಾನ. ಇಲ್ಲಿಗೆ ಬಂದಾಗಿಂದ ಮಾತಿಲ್ಲ ಕಥಿ ಇಲ್ಲ. ಹೆಸರಿಗೆ ತಕ್ಕಂಗ ಆಗ್ಯಾನ, ಕಂಪನಿಗೆಲ್ಲಾ ಹೆದರಿಕಿ ಹತ್ತೈತಿ."

ಹೊಳಿ ದಂಡ್ಯಾಗ ಬಂಡಿಗಲ್ಲಿನ ಮ್ಯಾಲ ಮೂಕಪ್ಪ ಕುಂತಿದ್ದ. ಈ ಸಲ ಪಂಜಿ ಮೈ ಮ್ಯಾಲೇ ಇತ್ತು. ಆಕಿನ್ನ ನೋಡಿ ಎದ್ದು ನಿಂತ. ಕೈಯಾಗ ಏನೋ ಮುಚ್ಚಿಟ್ಟ.

"ಆಮ್ಯಾಲ?" ಅಂದ್ಲು ಹುಸೇನಮ್ಮ.

"ಏನ್ರಿ?"

"ಆವತ್ತು ಥೇಟರಿನಾಗ ಆಮ್ಯಾಲ, ಆಮ್ಯಾಲ ಅಂತಿದ್ರಲ್ಲ. ಆಮ್ಯಾಲ ಏನು? ಈಗ ಹೇಳ್ರಿ. ಮುಗಿಯೋ ತನಕ ನಿಂತಿರ್ತೀನಿ."

ಮೂಕಪ್ಪ ಒಂದು ಹೆಜ್ಜಿ ಮುಂದ ಬಂದ. "ಆಮ್ಯಾಲ ಮತ್ತ ಏರಿಸ್ತಾ ಬಂದೆ. ದಿನಾ ಒಂದೀಟು. ನೀವು ಬಾರಿಸಿದ್ರ ಏರಸೋದು, ನೋತು ಬಿಟ್ರ ಅಲ್ಲೇ ನಿಲ್ಲಸೋದು. ಬೆರಳು ಗಟ್ಟಿ ಆದ ಮ್ಯಾಲ ಎಲುಬಿನ ಪಟ್ಟಿನೂ ತಿರುಗಿ ಇಟ್ಟೆ. ಆವತ್ತು ನೀವು ಬಂದಾಗ ಕಡೀ ಎಳಿ ಏರಸಾಕ ಹತ್ತಿದ್ದೆ. ಮರುದಿನ ಪೇಟಿ ತಂದು ಮನ್ಯಾಗ ಇಡಬೇಕು ಅಂತ... ಬಲ ನಿಮ್ಮ ಬೆರಳಿಂದ್ರಿ. ನಾ ಬರೇ ಬಿರಡಿ ತಿರುವಿದೆ."

"ಮೊದಲ ದಿನಾನ ಯಾಕ ಹೇಳಲಿಲ್ಲ?"

"ಹೇಳಿದ್ರ ಸುಮ್ಕಿರ್ತಿದ್ರಾ? ಅವತ್ತೇ ಬಿಗಿ ಮಾಡ್ಕೊಂತಿದ್ರಿ."

ಹುಸೇನಮ್ಮ ಬೆರಳು ಮಡಚಿ ನೋಡ್ಕೊಂಡ್ಲು. ಖರೇನೇ. ಮಾಡ್ಕೊಂತಿದ್ಲು.

"ಆದ್ರೂ ತಪ್ಪು ನಿಮ್ಮದು," ಅಂದ್ಲು, ಕಣ್ಣು ತುಂಬಿ. "ಒಂದು ಮಾತು ಸಾಕಿತ್ತು. ನಾ ಎಷ್ಟು ಅತ್ತೆ ಗೊತ್ತೈತೇನು?"

"ನಂದೇ ತಪ್ಪು. ನೀವು ನಾದ ಬಂತು ಅಂತ ಮುಖ ಎತ್ತಿದಾಗ... ಆ ಮುಖ ನೋಡಿದ ಮ್ಯಾಲ ನನಗ ಹೇಳಾಕ ಧೈರ್ಯ ಬರಲಿಲ್ಲ. ಮತ್ತೊಮ್ಮೆ ಹಂಗ ನೋಡ್ಲಿ ಅನ್ನೋದಷ್ಟ ಆಸಿ ಇತ್ತು. ಈಗಲೂ ಅದೇ ಐತಿ."

ಇಷ್ಟು ನೇರ ಮಾತು ಆಯಪ್ಪ ಜನ್ಮದಾಗ ಆಡಿರಲಿಲ್ಲ.

"ಕೈಯಾಗ ಏನದು?"

ಮುಷ್ಟಿ ಬಿಚ್ಚಿದ. ತೆಳ್ಳನ ಬಿದಿರ ಚಕ್ಕಿ. ದ್ಯಾಮಕ್ಕ ಬಿಚ್ಚಿ ಒಲಿ ಮುಂದ ಒಗೆದಿದ್ದ ದಬ್ಬಿದೇ ತುಂಡು, ಆಕಿ ಕೈಗೆ ಕಟ್ಟಿದ್ದು.

"ನನ್ನ ಕೈ ಕೆಡಿಸಿದ್ದು ಇದ," ಅಂದ್ಲು.

"ಅದಕ್ಕ ಅದರ ಕಡಿಂದಾನ ರಿಪೇರಿ ಮಾಡಸ್ದೆ."

ಹುಸೇನಮ್ಮಗ ನಗು ಬಂದುಬಿಡ್ತು. ಕಾಲುವಿ ದಂಡ್ಯಾಗ ನಗದಿದ್ದದ್ದು, ರೊಟ್ಟಿ ಮುಂದ ನಗದಿದ್ದದ್ದು, ಎಲ್ಲಾ ಸೇರಿ ಬಂತು. ಮೂಕಪ್ಪ ನೋಡ್ತಾ ನಿಂತ.

"ದ್ಯಾಮಕ್ಕನ ಹತ್ರ ಬಂದು ಮಾತಾಡ್ಲೇನು ನಾನು? ನಮ್ಮಿಬ್ಬರದು?"

"ಮಾತಾಡು," ಅಂದ್ಲು. 'ರಿ' ಎಲ್ಲೋ ಹೊಳ್ಯಾಗ ಹರದು ಹೋಗಿತ್ತು. "ಆದ್ರ ಮೊದಲಿನಿಂದ ಶುರು ಮಾಡಬ್ಯಾಡ. ಅತ್ತಿ ಒಲಿ ಮ್ಯಾಲ ಸಾರು ಹತ್ತಿ ಹೋಗತೈತಿ."

ಎಡಗೈ ಚಾಚಿದ್ಲು. ಮಲಗಿದ ಕಿರುಬೆರಳು, ಸುಸ್ತಾದ ಉಂಗುರ ಬೆರಳು, ತುದಿಗೆ ಹೊಸದಾಗಿ ಗಟ್ಟಿಯಾದ ತೊಗಲು, ಎಲ್ಲಾ ಹಂಗೇ ಮುಂದ ಮಾಡಿದ್ಲು.

ಮೂಕಪ್ಪ ಆ ಕೈ ಹಿಡಕೊಂಡ. ಹಿಡಕೊಂಡು ಕೇಳಿದ, "ಬಿಗಿ ಆತೇನು? ಸಡ್ಲ ಮಾಡ್ಲಾ?"

"ಇವತ್ತಿಗೆ ಹಿಂಗ ಇರ್ಲಿ," ಅಂದ್ಲು ಹುಸೇನಮ್ಮ. "ದಿನಾ ಒಂದೀಟು ಬಿಗಿ ಮಾಡು."